ಬೆಳಕಿಗೆ ಕೊನೆಯ 20 ಕಿಲೋಮೀಟರ್ ಯಾಕೆ ಅಷ್ಟು ಕಷ್ಟ?

2023ರ ಡಿಸೆಂಬರ್ 11ರಂದು ಟೇಟರ್ಸ್ ಎಂಬ ಬೆಕ್ಕಿನ ವಿಡಿಯೊವೊಂದು 3.1 ಕೋಟಿ ಕಿಲೋಮೀಟರ್ ದೂರದಿಂದ ಭೂಮಿಗೆ ಬಂತು. ಸೈಕಿ ಕ್ಷುದ್ರಗ್ರಹದ ಕಡೆ ಹೊರಟಿದ್ದ ನಾಸಾ ನೌಕೆ ಅದನ್ನು ಲೇಸರ್ ಬೆಳಕಿನಲ್ಲಿ ಕಳಿಸಿತ್ತು. ವೇಗ ಸೆಕೆಂಡಿಗೆ 267 ಮೆಗಾಬಿಟ್. ಎಲ್ಲೆಲ್ಲೂ ಬೆಕ್ಕಿನದೇ ಫೋಟೊ. ಅದೇ ವರ್ಷದ ಜೂನ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಇಟಿಎಚ್ ಜ್ಯೂರಿಕ್ ಸಂಶೋಧಕರು ಇನ್ನೊಂದು ಪ್ರಯೋಗದ ವಿವರ ಪ್ರಕಟಿಸಿದ್ದರು. ಆಲ್ಪ್ಸ್ ಪರ್ವತದ ಯುಂಗ್‌ಫ್ರಾಯೋಕ್ ಎಂಬ ಎತ್ತರದ ಜಾಗದಿಂದ ಬರ್ನ್ ನಗರದ ಹತ್ತಿರದ ಜಿಮ್ಮರ್‌ವಾಲ್ಡ್ ವೀಕ್ಷಣಾಲಯಕ್ಕೆ, ಬರೀ 53 ಕಿಲೋಮೀಟರ್ ದೂರಕ್ಕೆ, ಲೇಸರ್ ಮೂಲಕ ಸೆಕೆಂಡಿಗೆ ಸುಮಾರು 1 ಟೆರಾಬಿಟ್ ಕಳಿಸಿದ್ದರು. ಅದರಲ್ಲಿ ಬೆಕ್ಕಿರಲಿಲ್ಲ. ಹಾಗಾಗಿ ಹೆಚ್ಚಿನವರ ಕಣ್ಣಿಗೂ ಬೀಳಲಿಲ್ಲ.

ನನ್ನನ್ನು ಕೇಳಿದರೆ ನಮ್ಮಂಥ ದೇಶಕ್ಕೆ ಆ ಎರಡನೆಯ ಸುದ್ದಿಯೇ ದೊಡ್ಡದು. ಕೋಟಿಗಟ್ಟಲೆ ಕಿಲೋಮೀಟರ್ ಬಾಹ್ಯಾಕಾಶ ಬೆಳಕಿಗೆ ಒಂದು ಸಮಸ್ಯೆಯೇ ಅಲ್ಲ. ಅಲ್ಲಿ ಕಿರಣ ಹರಡಿ ಮಂಕಾಗುತ್ತೆ, ಅಷ್ಟೇ. ಬೆಳಕು ಕೆಡುವುದು ಕೊನೆಯ 15-20 ಕಿಲೋಮೀಟರ್‌ನಲ್ಲಿ, ಅಂದ್ರೆ ನಾವು ಉಸಿರಾಡುವ ಈ ಗಾಳಿಯಲ್ಲಿ. ಸ್ವಿಸ್ ತಂಡ ಬೇಕಂತಲೇ ಆ ಗಾಳಿಯೊಳಗೇ 53 ಕಿಲೋಮೀಟರ್ ಬೆಳಕನ್ನು ಹಾಯಿಸಿ, ಕೆಟ್ಟದ್ದನ್ನು ಸರಿಮಾಡಿ ತೋರಿಸಿತು. ಸರಿಮಾಡಿದ ವಿಧಾನದ ಹೆಸರು ಅಡಾಪ್ಟಿವ್ ಆಪ್ಟಿಕ್ಸ್.

ಅದಕ್ಕೂ ಮೊದಲು, ರೇಡಿಯೊ ಇರುವಾಗ ಲೇಸರ್ ಯಾಕೆ ಬೇಕು ಅಂತ ಯಾರಾದರೂ ಕೇಳಬಹುದು. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹೋದ ನಿಸಾರ್ ಉಪಗ್ರಹವನ್ನೇ ತಗೊಳ್ಳಿ. ಇಸ್ರೊ ಮತ್ತು ನಾಸಾ ಸೇರಿ ಮಾಡಿದ, ಬೆಂಗಳೂರಿನಲ್ಲಿ ಜೋಡಣೆಯಾದ ರೇಡಾರ್ ಉಪಗ್ರಹ ಇದು. ಭೂಮಿ ಕೆಲವೇ ಮಿಲಿಮೀಟರ್ ಕುಸಿದರೂ ಗುರುತಿಸುವ ಉದ್ದೇಶ ಅದರದ್ದು. ಇದರ ಮಾಹಿತಿಯಿಂದ ದಿನಕ್ಕೆ ಹತ್ತಾರು ಟೆರಾಬೈಟ್ ದತ್ತಾಂಶ ತಯಾರಾಗುತ್ತೆ. ಮಾಹಿತಿ ಇಳಿಯುವುದು ರೇಡಿಯೊದಲ್ಲೇ, ಅದೂ ಉಪಗ್ರಹ ಯಾವುದಾದರೂ ಗ್ರೌಂಡ್ ಸ್ಟೇಷನ್ ಮೇಲೆ ಹಾದುಹೋಗುವ ಕೆಲವು ನಿಮಿಷಗಳಲ್ಲಿ. ಈಗ ಇದರ ಪಕ್ಕಕ್ಕೆ ಇನ್ನೊಂದು ಲೆಕ್ಕ ಇಟ್ಟು ನೋಡಿ. 2023ರಲ್ಲಿ ನಾಸಾದ ಟಿಬರ್ಡ್ ಎಂಬ ಲೇಸರ್ ಪೆಟ್ಟಿಗೆ, ಗಾತ್ರದಲ್ಲಿ ಟಿಶ್ಯೂ ಡಬ್ಬಿಯಷ್ಟು, ಒಂದು ಪುಟ್ಟ ಉಪಗ್ರಹದಲ್ಲಿ ಕೂತು ಐದು ನಿಮಿಷದ ಒಂದೇ ಹಾಯುವಿಕೆಯಲ್ಲಿ 4.8 ಟೆರಾಬೈಟ್ ಇಳಿಸಿತು. ವೇಗ ಸೆಕೆಂಡಿಗೆ 200 ಗಿಗಾಬಿಟ್. ಬೆಟ್ಟ ಕುಸಿಯುವ ಊರಿನವರಿಗೆ ಮಾಹಿತಿ ಇವತ್ತು ಸಿಗೋದಕ್ಕೂ ನಾಡಿದ್ದು ಸಿಗೋದಕ್ಕೂ ಇರುವ ವ್ಯತ್ಯಾಸ ಏನು ಅಂತ ನಾನು ಹೇಳಬೇಕಿಲ್ಲ.

ಇನ್ನೊಂದು ಅನುಕೂಲವೂ ಇದೆ. ರೇಡಿಯೊ ತರಂಗಾಂತರಗಳಿಗೆ ಹರಾಜು, ಹಂಚಿಕೆ, ಜಗಳ ಎಲ್ಲ ಇದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೊ ನಿಯಮಗಳು 3,000 ಗಿಗಾಹರ್ಟ್ಸ್‌ವರೆಗೆ ಮಾತ್ರ. ಸಂಪರ್ಕಕ್ಕೆ ಬಳಸುವ ಲೇಸರ್‌ನ ಆವರ್ತನ ಸುಮಾರು 1,93,000 ಗಿಗಾಹರ್ಟ್ಸ್. ಬೆಳಕಿಗೆ ಇನ್ನೂ ಯಾರೂ ಬೇಲಿ ಹಾಕಿಲ್ಲ.

ಸರಿ, ಗಾಳಿ ಏನು ಮಾಡುತ್ತೆ?

ಬೇಸಿಗೆ ಮಧ್ಯಾಹ್ನ ಟಾರು ರಸ್ತೆಯ ಮೇಲೆ ಎದುರಿನ ಬಸ್ಸು ನೀರಿನಲ್ಲಿ ಅಲ್ಲಾಡಿದ ಹಾಗೆ ಕಾಣುತ್ತಲ್ಲ, ಅದೇ. ಬಿಸಿ ಗಾಳಿ ತೆಳು, ತಣ್ಣನೆ ಗಾಳಿ ದಟ್ಟ. ದಟ್ಟ ಗಾಳಿಯಲ್ಲಿ ಬೆಳಕು ಕೂದಲೆಳೆಯಷ್ಟು ನಿಧಾನ. ಎಷ್ಟು ನಿಧಾನ ಅನ್ನೋದಕ್ಕೆ ಒಂದು ಅಂದಾಜು ಕೊಡ್ತೀನಿ. ಎರಡು ಬೆಳಕಿನ ಎಳೆಗಳು ಅಕ್ಕಪಕ್ಕದಲ್ಲಿ ಹೋಗುತ್ತಿವೆ ಅಂತಿಟ್ಟುಕೊಳ್ಳಿ. ಒಂದರ ದಾರಿಯಲ್ಲಿ ಒಂದು ಮೀಟರ್ ಉದ್ದದ ಗಾಳಿ ಒಂದು ಡಿಗ್ರಿ ಹೆಚ್ಚು ಬಿಸಿ ಇದ್ದರೆ ಸಾಕು, ಎರಡರ ನಡುವೆ ಸುಮಾರು ಒಂದು ಮೈಕ್ರಾನ್ ಅಂತರ ಬೀಳುತ್ತೆ. ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರ್‌ನಲ್ಲಿ ಸಾವಿರದ ಒಂದು ಪಾಲು, ಅದೇನು ಮಹಾ ಅನ್ನಿಸಬಹುದು. ಆದರೆ ಲೇಸರ್‌ನ ಒಂದು ಅಲೆಯ ಉದ್ದವೇ 1.55 ಮೈಕ್ರಾನ್. ಅರ್ಧ ಅಲೆಯಷ್ಟು ಹಿಂದೆ ಬಿದ್ದ ಬೆಳಕು ಪಕ್ಕದ ಬೆಳಕಿನ ಜೊತೆ ಸೇರಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಬೆಳಕು ಕೂಡಿಸಿದ್ರೆ ಕತ್ತಲೆ. ಒಂದು ಮೀಟರ್‌ಗೇ ಹೀಗಾದರೆ ಹತ್ತಾರು ಕಿಲೋಮೀಟರ್ ಗಾಳಿ ಏನೆಲ್ಲ ಮಾಡಬಹುದು, ಯೋಚಿಸಿ.

ಹಸಿ ಹಪ್ಪಳ ಚಪ್ಪಟೆ ಇರುತ್ತೆ. ಎಣ್ಣೆಗೆ ಬಿಟ್ಟರೆ ಉಬ್ಬಿ, ಸುಕ್ಕಾಗಿ, ಅಂಚು ತಿರುಚಿಕೊಳ್ಳುತ್ತೆ. ಉಪಗ್ರಹದಿಂದ ಹೊರಟ ಬೆಳಕಿನ ಅಲೆಗಳ ಮುಖ, ಪಠ್ಯಪುಸ್ತಕದ ಭಾಷೆಯಲ್ಲಿ ತರಂಗಮುಖ, ಹಸಿ ಹಪ್ಪಳದಷ್ಟೇ ಚಪ್ಪಟೆಯಾಗಿ ವಾತಾವರಣದ ಮೇಲಂಚಿಗೆ ಬರುತ್ತೆ. ನೆಲ ಮುಟ್ಟುವಷ್ಟರಲ್ಲಿ ಕರಿದ ಹಪ್ಪಳ. ಅದೂ ಸುಮ್ಮನೆ ಕೂತ ಹಪ್ಪಳ ಅಲ್ಲ, ಪ್ರತಿ ಕೆಲವು ಮಿಲಿಸೆಕೆಂಡಿಗೆ ಆಕಾರ ಬದಲಿಸುವ ಹಪ್ಪಳ. ಯಾಕಂದ್ರೆ ಗಾಳಿ ಬೀಸುತ್ತಲೇ ಇರುತ್ತೆ, ಬಿಸಿ-ತಂಪಿನ ಗುಳ್ಳೆಗಳು ಟೆಲಿಸ್ಕೋಪ್‌ನ ಬಾಯಿ ಮುಂದೆ ಸಾಗುತ್ತಲೇ ಇರುತ್ತವೆ. ನಕ್ಷತ್ರ ಮಿನುಗುವುದೂ ಇದರಿಂದಲೇ.

ಇಲ್ಲಿ ಒಂದು ಪ್ರಶ್ನೆ ಬರಬೇಕು. ಬೆಳಕು ಸುಕ್ಕಾದರೆ ಆಗಲಿ ಬಿಡಿ, ಒಂದು ದೊಡ್ಡ ಟೆಲಿಸ್ಕೋಪ್ ಇಟ್ಟು ಬಂದಷ್ಟನ್ನೂ ಬಾಚಿಕೊಂಡರೆ ಆಗಲ್ವಾ? ಆಗುತ್ತೆ. ಬೆಕ್ಕಿನ ವಿಡಿಯೊ ಹಿಡಿದದ್ದು ಹಾಗೇ. ಕ್ಯಾಲಿಫೋರ್ನಿಯಾದ ಪಾಲೊಮಾರ್‌ನಲ್ಲಿರುವ 5 ಮೀಟರ್ ವ್ಯಾಸದ ಹೇಲ್ ಟೆಲಿಸ್ಕೋಪ್, ಅದರ ಹಿಂದೆ ಅತಿಶೀತದಲ್ಲಿ ಇಟ್ಟ ಸೂಪರ್‌ಕಂಡಕ್ಟಿಂಗ್ ಎಳೆಗಳ ಸಂವೇದಕ. ಅದು ಬೆಳಕಿನ ಕಣಗಳನ್ನು ಒಂದೊಂದಾಗಿ ಎಣಿಸುತ್ತೆ. ಮಳೆನೀರು ಬಕೆಟ್‌ನಲ್ಲಿ ಹಿಡಿದ ಹಾಗೆ, ಹನಿ ಎಲ್ಲಿ ಬಿತ್ತು ಅನ್ನೋದು ಮುಖ್ಯ ಅಲ್ಲ, ಬಿತ್ತಾ ಇಲ್ವಾ ಅಷ್ಟೇ. ಬಲು ದೂರದ ನೌಕೆಗಳಿಗೆ ಇದು ಸರಿಯಾದ ದಾರಿ.

ಆದರೆ ಟೆರಾಬಿಟ್ ಬೇಕು ಅಂದ್ರೆ ಬಕೆಟ್ ಸಾಲದು. ನಮ್ಮ ಇಂಟರ್‌ನೆಟ್‌ನ ವೇಗ ನಿಂತಿರುವುದು ಆಪ್ಟಿಕಲ್ ಫೈಬರ್‌ನ ಮೇಲೆ. ಆಂಪ್ಲಿಫೈಯರ್, ರಿಸೀವರ್, ಒಂದೇ ಎಳೆಯಲ್ಲಿ ಹತ್ತಾರು ಬಣ್ಣದ ಬೆಳಕು ತುಂಬುವ ಉಪಕರಣ, ಎಲ್ಲವೂ ಫೈಬರ್‌ಗಾಗಿಯೇ ದಶಕಗಳಿಂದ ತಯಾರಾಗಿ, ಅಗ್ಗವಾಗಿ, ಪೆಟ್ಟಿಗೆಯಲ್ಲಿ ಸಿಗುತ್ತವೆ. ಉಪಗ್ರಹದಿಂದ ಬಂದ ಬೆಳಕನ್ನು ಒಂದು ಫೈಬರ್ ತುದಿಗೆ ತೂರಿಸಿಬಿಟ್ಟರೆ ಮುಂದಿನದೆಲ್ಲ ಮಾಮೂಲಿ ಟೆಲಿಕಾಂ ಕೆಲಸ. ತೊಂದರೆ ಏನಂದ್ರೆ ಆ ಫೈಬರ್‌ನ ಒಳತಿರುಳಿನ ವ್ಯಾಸ ಸುಮಾರು 9 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಚಪ್ಪಟೆ ತರಂಗಮುಖವನ್ನು ಲೆನ್ಸ್ ಅಷ್ಟು ಸಣ್ಣ ಚುಕ್ಕೆಯಾಗಿ ಕೂಡಿಸಬಲ್ಲದು. ಸುಕ್ಕಾದದ್ದನ್ನು ಕೂಡಿಸಿದರೆ ಚದುರಿದ, ಕುಣಿಯುವ ಚುಕ್ಕೆಗಳ ಗುಂಪು ಸಿಗುತ್ತೆ. ಒಳಗೆ ಹೋಗೋದು ಚೂರುಪಾರು.

ಟೆಲಿಸ್ಕೋಪ್ ದೊಡ್ಡದು ಮಾಡಿದರೂ ಪ್ರಯೋಜನ ಇಲ್ಲ ಅನ್ನೋದು ಇದರಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ. 1966ರಲ್ಲಿ ಡೇವಿಡ್ ಫ್ರೀಡ್ ಎಂಬ ಅಮೆರಿಕದ ವಿಜ್ಞಾನಿ ಇದಕ್ಕೊಂದು ಅಳತೆ ಕೊಟ್ಟರು. ಸುಕ್ಕಾದ ತರಂಗಮುಖದಲ್ಲೂ ಸಣ್ಣ ಸಣ್ಣ ತುಂಡುಗಳು ಹೆಚ್ಚೂಕಡಿಮೆ ಚಪ್ಪಟೆಯಾಗೇ ಇರುತ್ತವಲ್ಲ, ಆ ತುಂಡಿನ ಅಗಲವೇ ಅದು. ಕಣ್ಣಿಗೆ ಕಾಣುವ ಬೆಳಕಿನಲ್ಲಿ, ಒಳ್ಳೆ ಜಾಗದಲ್ಲಿ ಇದು 10-20 ಸೆಂಟಿಮೀಟರ್. 1.55 ಮೈಕ್ರಾನ್ ಲೇಸರ್‌ಗೆ ಅದರ ನಾಲ್ಕು ಪಟ್ಟು. ಟೆಲಿಸ್ಕೋಪ್ ಈ ಅಳತೆಗಿಂತ ಅಗಲವಾಯಿತು ಅಂದ್ರೆ ಹೆಚ್ಚು ಬೆಳಕೇನೋ ಬರುತ್ತೆ, ಆದರೆ ಅಷ್ಟೇ ಹೆಚ್ಚು ಸುಕ್ಕೂ ಬರುತ್ತೆ. ಫೈಬರ್ ಒಳಗೆ ಹೋಗುವ ಬೆಳಕು ಸರಾಸರಿಯಲ್ಲಿ ಇದ್ದಲ್ಲೇ ಇರುತ್ತೆ. ಒಂದು ಮೀಟರ್ ಕನ್ನಡಿಗೆ ದುಡ್ಡು ಸುರಿದು ನಲವತ್ತು ಸೆಂಟಿಮೀಟರ್ ಕನ್ನಡಿಯ ಫಲ ತಗೊಂಡ ಹಾಗೆ.

ನಾನು ಇಂಜಿನಿಯರಿಂಗ್ ಓದುವಾಗ ಪ್ರತಿ ಸಂವಹನ ಪಾಠದಲ್ಲೂ ಟ್ರಾನ್ಸ್‌ಮಿಟರ್, ರಿಸೀವರ್, ಇವೆರಡರ ನಡುವೆ 'ಚಾನೆಲ್' ಅಂತ ಬರೆದ ಒಂದು ಚೌಕ ಇರುತ್ತಿತ್ತು. ಗಾಳಿ ಅಂದ್ರೆ ಆ ಚೌಕ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೇ ಇರಲಿಲ್ಲ.

ಅಡಾಪ್ಟಿವ್ ಆಪ್ಟಿಕ್ಸ್ ಮಾಡುವುದು ಹಪ್ಪಳವನ್ನು ಮತ್ತೆ ಚಪ್ಪಟೆ ಮಾಡುವ ಕೆಲಸ. ಟೆಲಿಸ್ಕೋಪ್‌ನಿಂದ ಬಂದ ಬೆಳಕು ಮೊದಲು ಒಂದು ಪುಟ್ಟ ಕನ್ನಡಿಗೆ ಬೀಳುತ್ತೆ. ಇದು ಗಟ್ಟಿ ಕನ್ನಡಿ ಅಲ್ಲ. ಅದರ ಹಿಂದೆ ಹತ್ತಾರೋ ನೂರಾರೋ ಸೂಕ್ಷ್ಮ ಚಾಲಕಗಳಿದ್ದು, ಮೇಲ್ಮೈಯನ್ನು ಬೇಕಾದಲ್ಲಿ ಮೈಕ್ರಾನ್ ಲೆಕ್ಕದಲ್ಲಿ ತಳ್ಳುತ್ತವೆ, ಎಳೆಯುತ್ತವೆ. ತರಂಗಮುಖದ ಯಾವ ಭಾಗ ಮುಂದೆ ಓಡಿದೆಯೋ ಅಲ್ಲಿ ಕನ್ನಡಿ ತಗ್ಗಾಗುತ್ತೆ, ಯಾವುದು ಹಿಂದೆ ಬಿದ್ದಿದೆಯೋ ಅಲ್ಲಿ ಉಬ್ಬುತ್ತೆ. ತಗ್ಗಿಗೆ ಹೋಗಿ ಬರುವ ಬೆಳಕು ಆ ಆಳವನ್ನು ಎರಡು ಸಲ ದಾಟುವುದರಿಂದ ಸುಕ್ಕಿನ ಅರ್ಧದಷ್ಟು ಬಾಗಿದರೆ ಸಾಕು. ಎಷ್ಟು ಬಾಗಬೇಕು ಅಂತ ಹೇಳೋದು ಇನ್ನೊಂದು ಉಪಕರಣ, ಶಾಕ್-ಹಾರ್ಟ್‌ಮನ್ ಸಂವೇದಕ. ಸಾಲುಸಾಲು ಪುಟ್ಟ ಲೆನ್ಸ್‌ಗಳು, ಪ್ರತಿಯೊಂದರ ಕೆಳಗೆ ಒಂದು ಬೆಳಕಿನ ಚುಕ್ಕೆ. ತರಂಗಮುಖ ಚಪ್ಪಟೆ ಇದ್ದರೆ ಚುಕ್ಕೆಗಳು ರಂಗೋಲಿಯ ಚುಕ್ಕಿಯ ಹಾಗೆ ಅಳತೆಗೆ ಕೂತಿರುತ್ತವೆ. ಎಲ್ಲಿ ಸೊಟ್ಟಗಾಗಿದೆಯೋ ಅಲ್ಲಿ ಚುಕ್ಕೆ ಜಾಗ ಬಿಟ್ಟು ಸರಿಯುತ್ತೆ. ಎಷ್ಟು ಸರಿದಿದೆ ಅಂತ ನೋಡಿ ಕಂಪ್ಯೂಟರ್ ಕನ್ನಡಿಗೆ ಅಪ್ಪಣೆ ಕೊಡುತ್ತೆ, ಕನ್ನಡಿ ಬಾಗುತ್ತೆ, ಮತ್ತೆ ಅಳತೆ, ಮತ್ತೆ ಅಪ್ಪಣೆ.

ಇದೆಲ್ಲ ಗಾಳಿ ಬದಲಾಗುವುದಕ್ಕಿಂತ ಬೇಗ ಮುಗಿಯಬೇಕು. ಸ್ವಿಸ್ ಪ್ರಯೋಗದಲ್ಲಿ ಫ್ರಾನ್ಸ್‌ನ ಒನೆರಾ ಸಂಸ್ಥೆ ಕೊಟ್ಟ ವ್ಯವಸ್ಥೆಯಲ್ಲಿ ಇಂಥ 97 ಹೊಂದಿಸಬಹುದಾದ ಪುಟ್ಟ ಕನ್ನಡಿಗಳಿದ್ದವು. ಸೆಕೆಂಡಿಗೆ 1,500 ಸಲ ತಿದ್ದುಪಡಿ. ಫಲ? ಸಂಕೇತ ಸುಮಾರು 500 ಪಟ್ಟು ಸುಧಾರಿಸಿತು. ಈ ವೇಗ ಅತಿ ಅನ್ನಿಸಿದರೆ ಇದನ್ನೂ ನೋಡಿ: 1 ಟೆರಾಬಿಟ್ ಹರಿಯುವಾಗ ಚುಕ್ಕೆ ಫೈಬರ್‌ನಿಂದ 5 ಮಿಲಿಸೆಕೆಂಡ್ ಜಾರಿದರೆ 625 ಮೆಗಾಬೈಟ್ ಕಳೆದುಹೋಗುತ್ತೆ. ಕಣ್ಣು ಮಿಟುಕಿಸುವುದಕ್ಕೂ ಮುಂಚೆ ಅರ್ಧ ಸಿನಿಮಾ ಹೋದ ಲೆಕ್ಕ. ಹೋದದ್ದನ್ನು ಮತ್ತೆ ಕಳಿಸು ಅಂತ ಕೇಳುವ ವ್ಯವಸ್ಥೆಯೂ ಇದೆ, ಟಿಬರ್ಡ್ ಅದನ್ನೂ ಬಳಸಿತು. ಆದರೆ ಪದೇಪದೇ ಕೇಳಬೇಕಾದರೆ ವೇಗಕ್ಕೆ ಅರ್ಥ ಉಳಿಯಲ್ಲ.

ಈ ಉಪಾಯ ಸಂಪರ್ಕಕ್ಕಾಗಿ ಹುಟ್ಟಿದ್ದಲ್ಲ. 1953ರಲ್ಲಿ ಹೊರೇಸ್ ಬ್ಯಾಬ್‌ಕಾಕ್ ಎಂಬ ಖಗೋಳವಿಜ್ಞಾನಿ ನಕ್ಷತ್ರಗಳ ಚಿತ್ರ ಸ್ಪಷ್ಟವಾಗಿ ಸಿಗಲಿ ಅಂತ ಇದನ್ನು ಕಾಗದದ ಮೇಲೆ ಸೂಚಿಸಿದರು. ಅವರ ಕಾಲದಲ್ಲಿ ಅಷ್ಟು ವೇಗದ ಕಂಪ್ಯೂಟರ್ ಇರಲಿಲ್ಲ. ನಿಜವಾಗಿ ಕಟ್ಟಿದ್ದು ಅಮೆರಿಕದ ಮಿಲಿಟರಿ, 1970ರ ದಶಕದಿಂದೀಚೆಗೆ, ಉಪಗ್ರಹಗಳನ್ನು ನೆಲದಿಂದಲೇ ಫೋಟೊ ತೆಗೆಯಲು. ಹವಾಯಿಯ ಹಲೆಯಾಕಲಾ ಜ್ವಾಲಾಮುಖಿಯ ನೆತ್ತಿಯಲ್ಲಿ 1982ರಲ್ಲೇ ಅಂಥದ್ದೊಂದನ್ನು ಕೂರಿಸಿದ್ದರು. ಅದರ ಬಹುಪಾಲು ಗುಟ್ಟು ರಟ್ಟಾದದ್ದು 1991ರಲ್ಲಿ. ಅಷ್ಟರಲ್ಲಿ ಯುರೋಪಿನ ಖಗೋಳವಿಜ್ಞಾನಿಗಳು ತಮ್ಮ ಪಾಡಿಗೆ ತಾವು ಅದನ್ನೇ ಮತ್ತೆ ಕಟ್ಟಿಕೊಂಡಿದ್ದರು. ಗುಟ್ಟು ಇಟ್ಟುಕೊಳ್ಳುವುದರ ಖರ್ಚು ಅಂದ್ರೆ ಇದು. ಇವತ್ತು ನಾಸಾದ ಎಲ್‌ಸಿಆರ್‌ಡಿ ಲೇಸರ್ ಯೋಜನೆಯ ಎರಡು ನೆಲ ಕೇಂದ್ರಗಳಲ್ಲಿ ಒಂದು ಇರುವುದೂ ಅದೇ ಹಲೆಯಾಕಲಾದಲ್ಲಿ.

ಸ್ವಿಸ್ ಪ್ರಯೋಗದಲ್ಲಿ ಎರಡೂ ತುದಿ ಕದಲದೆ ನಿಂತಿದ್ದವು ಅನ್ನೋದನ್ನು ಮರೆಯಬಾರದು. ಉಪಗ್ರಹ ನಿಲ್ಲಲ್ಲ. 530 ಕಿಲೋಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಓಡುವ ಉಪಗ್ರಹವನ್ನು ಟೆಲಿಸ್ಕೋಪ್ ಹಿಂಬಾಲಿಸುವಾಗ, 10 ಕಿಲೋಮೀಟರ್ ಎತ್ತರದ ಗಾಳಿಯಲ್ಲಿ ಕಿರಣ ಸೆಕೆಂಡಿಗೆ 140 ಮೀಟರ್‌ನಂತೆ ಗುಡಿಸಿಕೊಂಡು ಹೋಗುತ್ತೆ. ಟೆಲಿಸ್ಕೋಪ್‌ನ ಪಾಲಿಗೆ ಗಂಟೆಗೆ 500 ಕಿಲೋಮೀಟರ್ ವೇಗದ ಗಾಳಿ ಬೀಸಿದ ಹಾಗೇ. ಕನ್ನಡಿ ಇನ್ನಷ್ಟು ಚುರುಕಾಗಬೇಕು.

ಇನ್ನೊಂದು ತೊಡಕು ಇದಕ್ಕಿಂತ ಸ್ವಾರಸ್ಯದ್ದು. ಇಳಿದು ಬರುವ ಬೆಳಕನ್ನು ತಿದ್ದುವುದು ಸುಲಭ, ಬಂದ ಕಿರಣವೇ ಸುಕ್ಕಿನ ನಕ್ಷೆ ಹೊತ್ತು ತಂದಿರುತ್ತೆ. ಆದರೆ ನೆಲದಿಂದ ಮೇಲೆ ಕಳಿಸುವ ಕಿರಣವನ್ನು ಮೊದಲೇ ಉಲ್ಟಾ ಸುಕ್ಕು ಮಾಡಿ ಕಳಿಸಬೇಕು, ಗಾಳಿ ಅದನ್ನು ಚಪ್ಪಟೆ ಮಾಡಲಿ ಅಂತ. ಇಲ್ಲೇ ಸಿಕ್ಕಿಹಾಕಿಕೊಳ್ಳೋದು. 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹದ ಬೆಳಕು ನಮಗೆ ಮುಟ್ಟಲು 0.12 ಸೆಕೆಂಡ್ ಬೇಕು. ನಮ್ಮದು ಅಲ್ಲಿಗೆ ಮುಟ್ಟಲು ಮತ್ತೆ 0.12. ಹೆಸರಿಗೆ ಸ್ಥಿರ, ಆದರೆ ಭೂಮಿಯ ಜೊತೆ ಅದೂ ಸುತ್ತುತ್ತಲೇ ಇರುವುದರಿಂದ ಅಷ್ಟರಲ್ಲಿ ಮುಂದೆ ಹೋಗಿರುತ್ತೆ. ಹಾಗಾಗಿ ಕಾಣುವ ಜಾಗಕ್ಕಲ್ಲ, ಚೂರು ಮುಂದಕ್ಕೆ ಗುರಿ ಇಡಬೇಕು. ಓಡುವ ಹುಡುಗನ ಕೈಗೆ ಚೆಂಡು ಎಸೆಯುವಾಗ ನಾವು ಮಾಡೋದೂ ಇದನ್ನೇ. ಆ ಚೂರು ಕೋನ 10 ಕಿಲೋಮೀಟರ್ ಎತ್ತರದಲ್ಲಿ ಸುಮಾರು 18 ಸೆಂಟಿಮೀಟರ್ ಆಗುತ್ತೆ. ಅಂದ್ರೆ ಬಂದ ಬೆಳಕು ಹಾದ ಗಾಳಿ ಬೇರೆ, ಹೋಗುವ ಬೆಳಕು ಹಾಯುವ ಗಾಳಿ ಬೇರೆ. ಕೆಳ ಕಕ್ಷೆಯ ಉಪಗ್ರಹಕ್ಕೆ ಈ ಅಂತರ ಅರ್ಧ ಮೀಟರ್. ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡು ಓದಿದಂತೆ, ಕೆಲವೊಮ್ಮೆ ಕಾಣುತ್ತೆ, ಕೆಲವೊಮ್ಮೆ ಇಲ್ಲ. ಈ ಕ್ಷೇತ್ರದ ಸಂಶೋಧನೆಯ ಹೆಚ್ಚಿನ ಬೆವರು ಈಗ ಹರಿಯುತ್ತಿರೋದು ಇಲ್ಲೇ.

ಇಷ್ಟಾದರೂ ಅಡಾಪ್ಟಿವ್ ಆಪ್ಟಿಕ್ಸ್ ಒಂದು ವಿಷಯದಲ್ಲಿ ಕೈಚೆಲ್ಲುತ್ತೆ: ಮೋಡ. ಸುಕ್ಕಾದ ಬೆಳಕನ್ನು ತಿದ್ದಬಹುದು, ಬಾರದೇ ಇದ್ದ ಬೆಳಕನ್ನು ಏನು ತಿದ್ದೋದು? ಕ್ಯಾಲಿಫೋರ್ನಿಯಾದಲ್ಲಿ ಮೋಡ ಇದ್ದರೆ ಹವಾಯಿಯಲ್ಲಿ ಇಳಿಸೋಣ ಅಂತಲೇ ನಾಸಾ ಎರಡು ಕೇಂದ್ರ ಇಟ್ಟುಕೊಂಡದ್ದು. ನಮಗೆ ಇದು ಇನ್ನೂ ಬಿಗಿಯಾದ ಪ್ರಶ್ನೆ. ನಿಸಾರ್‌ನಂಥ ರೇಡಾರ್ ಉಪಗ್ರಹದ ದೊಡ್ಡ ಗುಣವೇ ಮೋಡದ ಒಳಗಿಂದ ನೋಡುವುದು. ಜುಲೈನಲ್ಲಿ ಕೊಡಗು ಮೋಡದಲ್ಲಿ ಮುಳುಗಿದ್ದರೂ ಅದಕ್ಕೆ ಬೆಟ್ಟ ಕಾಣುತ್ತೆ. ಆದರೆ ಅಂಥದ್ದೊಂದು ಉಪಗ್ರಹಕ್ಕೆ ಮುಂದೆ ಲೇಸರ್ ಕಟ್ಟಿದರೆ, ಕಂಡದ್ದನ್ನು ಇಳಿಸಲು ಮೋಡ ಇಲ್ಲದ ಆಕಾಶ ಬೇಕು. ಮುಂಗಾರಿನಲ್ಲಿ ಭಾರತದ ನಕ್ಷೆ ಹರಡಿಕೊಂಡು ಅಂಥ ಜಾಗ ಹುಡುಕಿ, ಬೆರಳು ಬಹುಬೇಗ ಮಳೆನೆರಳಿನ ಲಡಾಖ್‌ಗೆ ಹೋಗಿ ನಿಲ್ಲುತ್ತೆ.

ನಿಂತಿದೆ ಕೂಡ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತಂಡ ಹಾನ್ಲೆ, ಮೌಂಟ್ ಅಬು, ನೈನಿತಾಲ್‌ನ ವೀಕ್ಷಣಾಲಯಗಳ ಪರಿಸ್ಥಿತಿ ಹೋಲಿಸಿ, ಉಪಗ್ರಹಕ್ಕೆ ಕ್ವಾಂಟಮ್ ಸಂಕೇತ ಕಳಿಸಲು ಹಾನ್ಲೆಯೇ ಮೇಲು ಅಂದಿದೆ. ಕ್ವಾಂಟಮ್ ಇಲ್ಲಿ ಸುಮ್ಮನೆ ಬಂದ ಪದ ಅಲ್ಲ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನಲ್ಲಿ ಉಪಗ್ರಹದ ಮೂಲಕ 2,000 ಕಿಲೋಮೀಟರ್ ದೂರದ ನೆಲ ಕೇಂದ್ರಗಳ ನಡುವೆ ಸುರಕ್ಷಿತ ಸಂಪರ್ಕ ಒಂದು ಗುರಿ. ಈ ಕಡೆ ಇಸ್ರೊ 2021ರ ಮಾರ್ಚ್‌ನಲ್ಲಿ ಅಹಮದಾಬಾದ್‌ನಲ್ಲಿ ತೋರಿಸಿದ್ದು 300 ಮೀಟರ್, ಅದೂ ರಾತ್ರಿ ಹೊತ್ತು. 300 ಮೀಟರ್‌ನಿಂದ ಉಪಗ್ರಹಕ್ಕೆ ಜಿಗಿಯುವ ದಾರಿಯಲ್ಲಿ ಗಾಳಿ ಕೂತಿದೆ. ಕ್ವಾಂಟಮ್ ಸಂಕೇತವನ್ನು ಆಂಪ್ಲಿಫೈ ಮಾಡುವಂತಿಲ್ಲ, ಕಳೆದ ಫೋಟಾನನ್ನೇ ಮತ್ತೆ ಕಳಿಸುವಂತಿಲ್ಲ. ಒಂದೊಂದು ಫೋಟಾನ್‌ಗೂ ಲೆಕ್ಕ ಇರುವಲ್ಲಿ ಬಾಗುವ ಕನ್ನಡಿ ಐಷಾರಾಮ ಆಗಲ್ಲ.

ಇಲ್ಲಿ ನನ್ನ ತಕರಾರು ಒಂದಿದೆ. ನಮ್ಮಲ್ಲಿ ರಾಕೆಟ್ ಏರುವುದಕ್ಕೆ ಲೈವ್ ಇರುತ್ತೆ, ನೆಲದ ಕೆಲಸಕ್ಕೆ ಕ್ಯಾಮೆರಾ ಬರಲ್ಲ. ಲೇಸರ್ ಪೆಟ್ಟಿಗೆಯನ್ನು ದುಡ್ಡು ಕೊಟ್ಟರೆ ಹೊರಗಿಂದಲೂ ತರಬಹುದು. ಹಾನ್ಲೆಯ ಮೇಲಿನ ಗಾಳಿ ಮಧ್ಯಾಹ್ನ ಎರಡಕ್ಕೆ ಹೇಗಿರುತ್ತೆ ಅನ್ನೋದನ್ನು ಯಾರೂ ಮಾರಲ್ಲ. ಅದನ್ನು ವರ್ಷಗಟ್ಟಲೆ ಕೂತು ಅಳೆಯಬೇಕು. ಖಗೋಳವಿಜ್ಞಾನಿಗಳು ಜಾಗ ಆರಿಸುವಾಗ ಅಳೆಯುವುದು ಮುಖ್ಯವಾಗಿ ರಾತ್ರಿಯ ಗಾಳಿಯನ್ನು, ಅವರಿಗೆ ಬೇಕಿರುವುದು ಅಷ್ಟೇ. ಸಂಪರ್ಕ ಕೇಂದ್ರ ಹಗಲೂ ನಡೀಬೇಕು, ಹಗಲಿನಲ್ಲಿ ಬಿಸಿಲಿಗೆ ಕಾದ ನೆಲ ಗಾಳಿಯನ್ನು ಕಲಕಿ ಸುಕ್ಕನ್ನು ಎಷ್ಟೋ ಪಟ್ಟು ಮಾಡುತ್ತೆ. ಹಗಲಿನ ಈ ಗಾಳಿ ನಮ್ಮವರಿಗೆ ಹೊಸದೇನಲ್ಲ. ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಸಾಗರ ಕೆರೆಯ ನಡುವೆ ಕಟ್ಟಿದ್ದೇ ಸುತ್ತಲಿನ ನೀರು ಈ ಕಲಕಾಟ ತಗ್ಗಿಸಲಿ ಅಂತ, ಅಲ್ಲಿನ 50 ಸೆಂಟಿಮೀಟರ್ ಸೌರ ದೂರದರ್ಶಕಕ್ಕೆ ಅಡಾಪ್ಟಿವ್ ಆಪ್ಟಿಕ್ಸ್ ಕೂಡ ಮಾಡಿಕೊಂಡಿದ್ದಾರೆ. ಸೂರ್ಯನನ್ನು ನೋಡುವವರ ಹತ್ತಿರ ಇರುವ ಈ ಕೈಚಳಕ ಉಪಗ್ರಹದವರ ಮೇಜಿಗೆ ಬರಬೇಕು. ಇವೆರಡೂ ಒಂದೇ ಇಲಾಖೆಯ ಸೂರಿನಡಿ ಇವೆ, ದಾರಿ ದೂರವೇನಲ್ಲ.

ಇನ್ನು ಹಾನ್ಲೆಯಲ್ಲಿ ಟೆರಾಬಿಟ್ ಇಳಿಸಿದೆವು ಅಂತಲೇ ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ? 4,500 ಮೀಟರ್ ಎತ್ತರದ ಆ ಬೆಟ್ಟದ ಮೇಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ಭಾರತೀಯ ಖಭೌತ ಸಂಸ್ಥೆಯವರು ವರ್ಷಗಳಿಂದ ದೂರದಿಂದಲೇ ನಡೆಸುತ್ತಾ ಬಂದಿದ್ದಾರೆ, ಬೆಂಗಳೂರಿನ ಪಕ್ಕದ ಹೊಸಕೋಟೆಯ ಕ್ರೆಸ್ಟ್ ಕ್ಯಾಂಪಸ್‌ನಲ್ಲಿ ಕೂತು. ಅಲ್ಲಿಂದ ಹೋಗುವ ಅಪ್ಪಣೆ, ಇಲ್ಲಿಗೆ ಬರುವ ಚಿತ್ರ, ಎಲ್ಲ ಓಡಾಡಿದ್ದು ಉಪಗ್ರಹದ ರೇಡಿಯೊ ಸಂಪರ್ಕದ ಮೇಲೆ. ಲೇಸರ್ ಕೇಂದ್ರದ ಅಂದಾಜುಪಟ್ಟಿಯಲ್ಲಿ ಕನ್ನಡಿಯ ಸಾಲಿನ ಪಕ್ಕದಲ್ಲೇ, ಹಾನ್ಲೆಯಿಂದ ಕೆಳಗೆ ಎಳೆಯಬೇಕಾದ ಫೈಬರ್‌ನ ಖರ್ಚಿಗೂ ಒಂದು ಸಾಲು ಇರಬೇಕು.